ಬೀಟಲ್ ರೂಫ್ ಲೈನಿಂಗ್ ಕೆಲಸ: ಎರಡು ಕಡ್ಡಿ ಅದಲುಬದಲಾದ ಕಥೆ

ಅಂತೂ ಈ ಕೆಲಸಕ್ಕೆ ಕೈ ಹಾಕ್ದೆ. ಗಾಡಿ 1968ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಎಂಜಿನ್ ಆಯ್ತು, ಬ್ರೇಕ್ ಆಯ್ತು, ಸೀಟೂ ಆಯ್ತು, ತಲೆ ಮೇಲಿನ ಲೈನಿಂಗ್ ಮಾತ್ರ ಆಮೇಲೆ ನೋಡೋಣ ಆಮೇಲೆ ನೋಡೋಣ ಅಂತ ಉಳ್ಕೊಂಡಿತ್ತು. ಹಿಂದಿನ ಗಾಜಿನ ಹತ್ರ ಹರಿದು ಜೋತುಬಿದ್ದಿತ್ತು, ಹಿಂದೆ ಇಟ್ಕೊಂಡಿದ್ದವರು ಯಾರೋ ಕರೀ ದಾರದಲ್ಲಿ ಹೊಲಿಗೆ ಹಾಕಿದ್ರು, ಬಿಳೀ ಇದ್ದದ್ದು ಹಳದಿಗೂ ಕಂದಿಗೂ ಮಧ್ಯದ ಯಾವುದೋ ಬಣ್ಣಕ್ಕೆ ಬಂದಿತ್ತು, ಕಿಟಕಿ ಇಳಿಸಿ ಸ್ವಲ್ಪ ಸ್ಪೀಡಾಗಿ ಹೋದ್ರೆ ಪಟಪಟ ಅಂತ ತಲೆಗೆ ಹೊಡೀತಿತ್ತು.

ಇದು ಬೋರ್ಡ್ ಮೇಲೆ ಅಂಟಿಸಿರೋ ಜಾತಿ ಅಲ್ಲ. ಈಚಿನ ಗಾಡಿಗಳಲ್ಲಿ ಗಟ್ಟಿ ಬೋರ್ಡಿಗೆ ತೆಳು ಫೋಮ್ ಇರೋ ಬಟ್ಟೆ ಅಂಟಿಸಿರ್ತಾರೆ, ಅದು ಜೋತುಬಿದ್ರೆ ಎಲ್ಲರೂ ಅಂಟು ಬಿಟ್ಟಿದೆ ಅನ್ಕೊಂಡು ಪಿನ್ ಚುಚ್ತಾರೆ, ಅಂಟು ತುಂಬಿಸ್ತಾರೆ, ಆದ್ರೆ ನಿಜವಾಗಿ ಹಾಳಾಗಿರೋದು ಮಧ್ಯದ ಫೋಮು, ಶಾಖಕ್ಕೂ ತೇವಕ್ಕೂ ಪುಡಿಪುಡಿ ಆಗಿರುತ್ತೆ, ಪುಡಿಗೆ ಅಂಟು ಹಾಕಿ ಏನು ಪ್ರಯೋಜನ, ಬೋರ್ಡ್ ಇಳಿಸಿ ಕೆರೆದು ಹೊಸ ಬಟ್ಟೆ ಹಾಕೋದೊಂದೇ ದಾರಿ. ನಮ್ಮದು ಡೇರೆ ಥರ. ತಗಡಿನ ಕೆಳಗೆ ಅಡ್ಡಡ್ಡ ಬಗ್ಗಿರೋ ಸ್ಟೀಲ್ ಕಡ್ಡಿಗಳು, ಲೈನಿಂಗ್ ಹಿಂಭಾಗದಲ್ಲಿ ಉದ್ದುದ್ದ ಬಟ್ಟೆಯ ಕೊಳವೆ ಹೊಲಿದಿರ್ತಾರೆ, ಲಂಗಕ್ಕೆ ಲಾಡಿ ಏರಿಸ್ದಂಗೆ ಕಡ್ಡಿನ ಅದರೊಳಗೆ ತೂರಿಸಿ ನೇತುಹಾಕಬೇಕು, ಆಮೇಲೆ ನಾಲ್ಕೂ ಕಡೆ ಎಳೆದು ಅಂಚಿಗೆ ಅಂಟಿಸಬೇಕು. ಹಳೇ ಬೀಟಲ್‌ಗಳಲ್ಲಿ ಉಣ್ಣೆ ಬಟ್ಟೆ ಇರ್ತಿತ್ತು, ನನ್ನದರಲ್ಲಿ ಸಣ್ಣ ತೂತಿನ ವಿನೈಲ್, ಅಂದ್ರೆ ರೆಕ್ಸಿನ್ ಥರದ್ದು. ಆ ತೂತುಗಳು ನೋಡಕ್ಕೆ ಚಂದ, ಕೆಲಸ ಮಾಡೋನಿಗೆ ಶತ್ರು, ಯಾಕೆ ಅಂತ ಮುಂದೆ ಬರುತ್ತೆ.

ಈ ಗಾಡಿ 2003ರವರೆಗೂ ತಯಾರಾಗ್ತಿತ್ತು, ಒಟ್ಟು 2.15 ಕೋಟಿ ಹೊರಗೆ ಬಂದಿದೆ, ಹಾಗಾಗಿ ರೆಡಿ ಹೊಲಿದ ಲೈನಿಂಗ್ ಸಿಗೋದು ಕಷ್ಟ ಇಲ್ಲ. ಆದ್ರೆ ವರ್ಷ ನೋಡದೆ ತರಿಸ್ಬೇಡಿ. 1965ರ ಮಾಡೆಲಿಂದ ಗಾಜುಗಳು ದೊಡ್ಡವಾದ್ವು, ಅದಕ್ಕೆ ಮುಂಚಿನದ್ದರ ಕಟಿಂಗ್ ಬೇರೆ. ಸನ್‌ರೂಫ್ ಇದ್ರೆ ಅದೂ ಬೇರೆ. ಬಂದ ತಕ್ಷಣ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಬಿಚ್ಚಿ ಹರಡಿಟ್ಟೆ, ಮಡಿಕೆ ಸ್ವಲ್ಪ ಸಡಿಲ ಆಗ್ಲಿ ಅಂತ. ಇದೊಂದು ಸರಿಯಾಗಿ ಮಾಡ್ದೆ.

ಬಿಚ್ಚಿದ್ದು (ಎರಡು ಭಾನುವಾರ)

ಮೊದಲು ಬ್ಯಾಟರಿಯ ಅರ್ತ್ ವೈರ್ ತೆಗೆದೆ. ಬೀಟಲ್‌ನಲ್ಲಿ ಬ್ಯಾಟರಿ ಹಿಂದಿನ ಸೀಟ್ ಕೆಳಗೆ ಇರುತ್ತೆ, ಒಳಗಿನ ಲೈಟಿಗೆ ಯಾವಾಗ್ಲೂ ಕರೆಂಟ್ ಇರುತ್ತೆ, ಆ ವೈರು ತಗಡಿಗೆ ತಾಗಿದ್ರೆ ಕಿಡಿ. ಆಮೇಲೆ ಸನ್ ವೈಸರ್, ಕನ್ನಡಿ, ಲೈಟು, ಕೋಟ್ ಹುಕ್ಕು, ಹಿಡಿಕೆ, ಸೀಟ್ ಬೆಲ್ಟಿನ ಮೇಲಿನ ಬೋಲ್ಟ್, ಎಲ್ಲ. ಒಂದೊಂದರ ಸ್ಕ್ರೂ ಒಂದೊಂದು ಕವರಲ್ಲಿ.

ಜನ ಹಿಂದೇಟು ಹಾಕೋದು ಗಾಜಿಗೆ. ಲೈನಿಂಗ್ ಅಂಚು ಗಾಜಿನ ಬೀಡಿಂಗ್ ರಬ್ಬರ್ ಕೆಳಗೆ ಹೋಗಿ ಮಡಚ್ಕೊಂಡಿರುತ್ತೆ, ಹಾಗಾಗಿ ಮುಂದಿನದು, ಹಿಂದಿನದು, ಪಕ್ಕದ ಎರಡು ಸಣ್ಣವು, ನಾಲ್ಕೂ ಹೊರಗೆ ಬರ್ಲೇಬೇಕು. ಗಾಜು ತೆಗೀದೆ ರಬ್ಬರ್ ಸಂದಿಗೆ ಬಟ್ಟೆ ತುರುಕಿ ಮುಗಿಸೋರು ಇದಾರೆ, ನೀಟಾಗೂ ಬರಲ್ಲ, ಮಳೆ ನೀರೂ ಬರುತ್ತೆ. ನಾನು ಹೊಸ ರಬ್ಬರ್ ಹಾಕೋದೇ ಅಂತ ಇದ್ದಿದ್ರಿಂದ ಹಳೇದನ್ನ ಬ್ಲೇಡಲ್ಲಿ ಸುತ್ತಲೂ ಕೊಯ್ದುಬಿಟ್ಟೆ, ಗಾಜು ತಾನಾಗೇ ಕೈಗೆ ಬಂತು. ಗಟ್ಟಿಯಾದ ರಬ್ಬರ್ ಉಳಿಸಕ್ಕೆ ಹೋಗಿ ಗಾಜು ಒಡ್ಕೊಳ್ಳೋದು ಬುದ್ಧಿವಂತಿಕೆ ಅಲ್ಲ.

ಹಳೇ ಲೈನಿಂಗ್ ಹರಿದುಹಾಕ್ಬೇಡಿ, ಒಂದೇ ತುಂಡಾಗಿ ಇಳಿಸಿ. ಕೊಳವೆಗಳನ್ನ ಎರಡೂ ತುದೀಲಿ ಎಲ್ಲಿವರೆಗೆ ಕತ್ತರಿಸಿದಾರೆ, ಮೂಲೇಲಿ ಎಲ್ಲಿ ಕಚ್ಚು ಕೊಟ್ಟಿದಾರೆ, ಎಲ್ಲ ಅದರಲ್ಲೇ ಬರೆದಿಟ್ಟಂಗೆ ಇರುತ್ತೆ. ಇಳಿಸುವಾಗ ಐವತ್ತು ವರ್ಷದ ಧೂಳು ಮುಖದ ಮೇಲೆ. ಮಾಸ್ಕು ಕನ್ನಡಕ ಎರಡೂ ಹಾಕಿದ್ರೂ ಆ ರಾತ್ರಿ ಕೆಮ್ಮಿದೀನಿ.

ಕಡ್ಡಿಗಳನ್ನ ಒಂದೊಂದಾಗಿ ತೆಗೆದು ಮಾಸ್ಕಿಂಗ್ ಟೇಪಿನ ಮೇಲೆ ಮುಂದಿಂದ ಹಿಂದಕ್ಕೆ ನಂಬರ್ ಬರೆದು ಅಂಟಿಸ್ದೆ, ಎಡ ಬಲನೂ ಬರೆದೆ. ಒಂದರ ಥರ ಇನ್ನೊಂದಿಲ್ಲ, ಉದ್ದಾನೂ ಬೇರೆ ಬಾಗೂ ಬೇರೆ, ಆದ್ರೆ ಪಕ್ಕಪಕ್ಕದವು ಅಣ್ಣತಮ್ಮಂದಿರ ಥರ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಬರೆದಿದ್ದು ನೋಡಿ ನನ್ನ ಶಿಸ್ತಿಗೆ ನಾನೇ ಬೆನ್ನು ತಟ್ಕೊಂಡೆ.

ತುಕ್ಕು

ಹಿಂದಿನ ಗಾಜಿನ ಕೆಳ ಅಂಚಲ್ಲಿ ತುಕ್ಕು ಇದ್ದೇ ಇರುತ್ತೆ ಅಂತ ಗೊತ್ತಿತ್ತು, ಸೂಜಿ ಹೋಗೋ ಅಷ್ಟು ದೊಡ್ಡ ತೂತು ಎರಡು ಸಿಕ್ವು. ಕೆರೆದು, ವೆಲ್ಡ್ ಮಾಡಿಸಿ, ಪ್ರೈಮರ್ ಹೊಡೆದು, ಪೇಂಟ್ ಪೂರ್ತಿ ಗಟ್ಟಿಯಾಗಕ್ಕೆ ಒಂದು ವಾರ ಬಿಟ್ಟೆ. ಹಸೀ ಪೇಂಟ್ ಮೇಲೆ ಅಂಟು ಹಾಕಿದ್ರೆ ಪೇಂಟೇ ಮೇಲೆದ್ದು ಬರುತ್ತೆ.

ಕಡ್ಡಿಗಳಿಗೂ ತುಕ್ಕು ಹಿಡಿದಿತ್ತು. ತುಕ್ಕಿನ ಕಲೆ ಹೊಸ ಬಿಳಿ ವಿನೈಲ್ ಮೇಲೆ ಗೆರೆ ಥರ ಎದ್ದು ಕಾಣುತ್ತೆ ಅಂತ ವೈರ್ ಬ್ರಷ್ಷಲ್ಲಿ ಉಜ್ಜಿದೆ, ಸ್ಯಾಂಡ್ ಪೇಪರ್ ಹಾಕ್ದೆ, ಥಿನ್ನರಲ್ಲಿ ಒರೆಸ್ದೆ, ಸಾಲಾಗಿ ನೇತುಹಾಕಿ ಪೇಂಟ್ ಹೊಡೆದೆ. ಪಳಪಳ ಅಂತಿದ್ವು. ಆಮೇಲೆ ಟೇಪ್ ಎಲ್ಲಿ ಅಂತ ನೋಡಿದ್ರೆ ನೆಲದ ಮೇಲೆ ಮುದುಡ್ಕೊಂಡು ಬಿದ್ದಿದಾವೆ, ಯಾವ ನಂಬರ್ ಯಾವ ಕಡ್ಡೀದು ದೇವರಿಗೇ ಗೊತ್ತು. ಬೆನ್ನು ತಟ್ಕೊಂಡ ಕೈಯಲ್ಲೇ ಹಣೆ ಚಚ್ಕೊಂಡೆ. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು. ಟೇಪ್ ಬದ್ಲು ಕಡ್ಡಿ ತುದೀಲಿ ಅರದಲ್ಲಿ ಒಂದು ಗೀರು, ಎರಡು ಗೀರು, ಮೂರು ಗೀರು ಹಾಕಿದ್ರೆ ಮುಗೀತಿತ್ತು.

ಗಾಡಿ ಒಳಗೆ ಹಿಡಿದು ಹಿಡಿದು ನೋಡಿ, ತಗಡಿಗೆ ಯಾವುದು ಹೊಂದುತ್ತೆ ಅಂತ ಅಂದಾಜು ಮಾಡಿ ಮತ್ತೆ ನಂಬರ್ ಕೊಟ್ಟೆ. ಸರಿಯಾಗಿದೆ ಅನ್ನಿಸ್ತು.

ತಗಡಿನ ಒಳಮೈಗೆ ಸೌಂಡ್ ಕಮ್ಮಿ ಮಾಡೋ ಶೀಟ್ ಅಂಟಿಸಿದ್ದು ಅರ್ಧ ದಿನದ ಕೆಲಸ. ಬ್ಯೂಟೈಲ್ ರಬ್ಬರ್ ಶೀಟೇ ತಗೊಳ್ಳಿ, ಡಾಂಬರಿಂದು ಬಿಸಿಲಿಗೆ ಮೆತ್ತಗಾಗಿ ಜಾರುತ್ತೆ. ಪೂರ್ತಿ ಮುಚ್ಚೋದೂ ಬೇಡ, ಕಾಲು ಭಾಗ ಅಂಟಿಸಿದ್ರೂ ತಗಡು ಬಡಿದಾಗ ಡಬ್ಬಾ ಸದ್ದು ಹೋಗಿ ಠಪ್ ಅನ್ನುತ್ತೆ.

ನೇತುಹಾಕಿದ್ದು

ಲೈನಿಂಗ್ ಹಿಂಭಾಗದಲ್ಲಿ ಮಧ್ಯಕ್ಕೆ ಪೆನ್ಸಿಲ್ ಗೆರೆ, ಗಾಡಿ ಮುಂದಿನ ಹಿಂದಿನ ಅಂಚಿನ ಮಧ್ಯಕ್ಕೂ ಗುರುತು. ವಿನೈಲನ್ನ ಒಂದು ಗಂಟೆ ಬಿಸಿಲಲ್ಲಿ ಇಟ್ಟೆ, ಚಳೀಲಿ ಎಳೆದ್ರೆ ಹಠ ಮಾಡುತ್ತೆ, ಬಿಸಿ ಇದ್ರೆ ಹೇಳಿದ್ ಮಾತು ಕೇಳುತ್ತೆ. ಕಡ್ಡಿ ತೂರಿಸಿ, ತುದಿಗಳನ್ನ ತಗಡಿನ ತೂತಿಗೆ ಕೂರಿಸಿ, ಮುಂದೆ ಹಿಂದೆ ಬೈಂಡರ್ ಕ್ಲಿಪ್ ಹಾಕಿ ಎಳೆದೆ. ಅಂಟು ಇನ್ನೂ ಮುಟ್ಟೇ ಇಲ್ಲ. ಮೊದಲು ಮುಂದೆ ಹಿಂದೆ ಬಿಗಿ ಬರ್ಬೇಕು, ಆಮೇಲೆ ಪಕ್ಕಕ್ಕೆ, ಅದೂ ಹೊಲಿಗೆ ಬಂದಿರೋ ಜಾಗದಲ್ಲಿ ಹಿಡಿದು. ಎರಡು ಹೊಲಿಗೆ ಮಧ್ಯದಲ್ಲಿ ಎಳೆದ್ರೆ ಹೊಲಿಗೆ ಬಿಲ್ಲಿನ ಥರ ಬಗ್ಗುತ್ತೆ, ತೂತಿನ ಸಾಲೂ ಅದರ ಜೊತೆ ಸೊಟ್ಟ. ಉಣ್ಣೆ ಬಟ್ಟೇಲಿ ಇದು ಮುಚ್ಚಿಹೋಗ್ಬಹುದು, ತೂತಿನ ವಿನೈಲಲ್ಲಿ ಕಾಲು ಇಂಚು ಸೊಟ್ಟ ಇದ್ರೂ ಚಾಡಿ ಹೇಳುತ್ತೆ.

ಅಂಚಲ್ಲಿ ಸುಕ್ಕು ಬಂದ್ರೆ ಎಲ್ಲರೂ ಇನ್ನೂ ಎಳೀತಾರೆ. ಬಹಳ ಸಲ ತಪ್ಪು ಕೊಳವೇದು. ಕೊಳವೆ ಕಡ್ಡಿ ತುದಿವರೆಗೂ ಉದ್ದ ಇದ್ರೆ ಬಟ್ಟೆನ ಅದು ಮೇಲಕ್ಕೆ ಹಿಡಿದಿರುತ್ತೆ, ಪಕ್ಕಕ್ಕೆ ಹೋಗಕ್ಕೆ ಬಿಡಲ್ಲ. ಅರ್ಧ ಅರ್ಧ ಇಂಚಷ್ಟು ಕತ್ತರಿಸ್ತಾ ಹೋದ್ರೆ ಸುಕ್ಕು ತಾನಾಗೇ ಬಿಡುತ್ತೆ. ಜಾಸ್ತಿ ಕತ್ತರಿಸಿದ್ರೆ ಮಾತ್ರ ಬಟ್ಟೆ ಅಲ್ಲಿ ಜೋತುಬೀಳುತ್ತೆ, ಮತ್ತೆ ಸೇರ್ಸಕ್ಕಾಗಲ್ಲ.

ಹೀಗೆಲ್ಲಾ ತಿಳ್ಕೊಂಡೂ ಡ್ರೈವರ್ ಸೀಟಿನ ಹಿಂದೆ ಎಡಗಡೆ ಮೂಲೆಯಿಂದ ಮಧ್ಯಕ್ಕೆ ಒಂದು ಓರೆ ಸುಕ್ಕು ಬಂತು. ಎಳೆದೆ, ಹೋಗ್ಲಿಲ್ಲ. ಕೊಳವೆ ಕತ್ತರಿಸ್ದೆ, ಹೋಗ್ಲಿಲ್ಲ. ಹೇರ್ ಡ್ರೈಯರಲ್ಲಿ ಬಿಸಿ ಮಾಡಿ ಎಳೆದೆ, ಹೋಯ್ತು ಅನ್ನಿಸ್ತು, ಬೆಳಿಗ್ಗೆ ನೋಡಿದ್ರೆ ವಾಪಸ್ ಬಂದು ಕೂತಿದೆ. ಎರಡು ಸಂಜೆ ಇದೇ. ವಿನೈಲ್ ಸರಿಯಾಗಿ ಹೊಲಿದಿಲ್ಲ ಅಂತ ಹೊಲಿದವರಿಗೆ ಮನಸ್ಸಲ್ಲೇ ಬೈದೂ ಆಯ್ತು.

ಮೂರನೇ ದಿನ ಅಣ್ಣನ ಮಗ ಬಂದಿದ್ದ, ಹಿಂದಿನ ಸೀಟ್ ಜಾಗದಲ್ಲಿ ಅಂಗಾತ ಮಲಗಿ ಮೊಬೈಲ್ ನೋಡ್ತಿದ್ದವನು ಮೇಲೆ ನೋಡಿ, "ಚಿಕ್ಕಪ್ಪ, ಇಲ್ಲಿ ರೂಫು ಇಳಿದು ಮತ್ತೆ ಏರುತ್ತಲ್ಲ, ಹೊರಗಡೆ ಹಂಗಿಲ್ವಲ್ಲ?" ಅಂದ. ನಾನೂ ಹೋಗಿ ಪಕ್ಕದಲ್ಲಿ ಮಲಗ್ದೆ. ನಿಜ. ಎರಡನೇ ಕಡ್ಡಿಗಿಂತ ಮೂರನೇದು ಮೇಲಿರ್ಬೇಕಾದ್ ಕಡೆ ಕೆಳಗಿದೆ. ಸುಕ್ಕಿಗೆ ಅಷ್ಟು ಹತ್ರ ಮುಖ ಇಟ್ಕೊಂಡು ಕೂತಿದ್ರಿಂದ ನನಗೆ ರೂಫಿನ ಒಟ್ಟು ಆಕಾರ ಕಂಡೇ ಇರ್ಲಿಲ್ಲ.

ಎಲ್ಲ ಕ್ಲಿಪ್ ತೆಗೆದು, ಎರಡನ್ನೂ ಅದಲುಬದಲು ಮಾಡಿ ಮತ್ತೆ ಹಾಕಿದ್ವಿ. ಸುಕ್ಕು ಎಳೆಯೋ ಮುಂಚೆನೇ ಇಲ್ಲ. ಅಂಟು ಹಾಕಿಬಿಟ್ಟಿದ್ರೆ ಆ ವಿನೈಲ್ ಕಸಕ್ಕೆ ಹೋಗ್ತಿತ್ತು. ಕಷ್ಟ ಏನಂದ್ರೆ ಆ ಸುಕ್ಕಿಗೆ ಅಂತ ಕೊಳವೆ ಕತ್ತರಿಸಿದ್ನಲ್ಲ, ಅದು ಈಗ ಒಂದು ಇಂಚು ಕಮ್ಮಿ. ಅಲ್ಲಿ ಹೊಲಿಗೆ ಒಂಚೂರು ಕೆಳಗಿದೆ. ನನಗೆ ಕಾಣುತ್ತೆ, ಬೇರೆಯವರಿಗೆ ತೋರಿಸಿದ್ರೆ ಮಾತ್ರ.

ಅಂಟು

ಕ್ಲಿಪ್ಪಲ್ಲೇ ಒಂದು ದಿನ ಪೂರ್ತಿ ಬಿಟ್ಟೆ, ವಿನೈಲ್ ಹಿಗ್ಗೋದೆಲ್ಲಾ ಹಿಗ್ಗಲಿ ಅಂತ. ಸ್ಪ್ರೇ ಅಂಟು ಹೊಡೆದಿದ್ರೆ ತೂತಿಂದ ಈಚೆ ಬಂದು ಹಳದಿ ಚುಕ್ಕೆ ಆಗ್ತಿತ್ತು, ಅದಕ್ಕೇ ಬ್ರಷ್ಷಲ್ಲಿ ಹಚ್ಚಿದ್ದು, ಅಂಚಲ್ಲಿ ಮಾತ್ರ. ಇನ್ನೊಂದು, ಮೃದು ವಿನೈಲಲ್ಲಿರೋ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗೆ ಬಂದು ಮಾಮೂಲಿ ಕಾಂಟ್ಯಾಕ್ಟ್ ಅಂಟನ್ನ ಮೆತ್ತಗೆ ಮಾಡುತ್ತೆ, ಹಾಗಾಗಿ ಡಬ್ಬಿ ಮೇಲೆ ವಿನೈಲಿಗೆ ಆಗುತ್ತೆ, ಶಾಖ ತಡೆಯುತ್ತೆ ಅಂತ ಎರಡೂ ಬರೆದಿರೋದನ್ನೇ ತಗೊಳ್ಳಿ. ತಗಡಿಗೂ ವಿನೈಲಿಗೂ ಎರಡಕ್ಕೂ ಹಚ್ಚಿ, ಬೆರಳಿಟ್ರೆ ಅಂಟ್ಕೊಂಡಂಗಾಗಿ ಆದ್ರೆ ಎಳೆ ಬರಬಾರ್ದು, ಅಲ್ಲಿವರೆಗೂ ಕಾಯ್ಬೇಕು. ಒಂದೊಂದು ಸಲಕ್ಕೆ ಒಂದು ಗೇಣು ಜಾಗ, ಎರಡು ಕ್ಲಿಪ್ ತೆಗಿ, ಅಂಟಿಸು, ಎದುರುಗಡೆ ಅಷ್ಟೇ ಮಾಡು. ಬಾಗಿಲುಗಳನ್ನ ತೆರೆದಿಟ್ಟೇ ಮಾಡಿ, ವಾಸನೆಗೆ ತಲೆ ತಿರುಗುತ್ತೆ. ಗಾಜಿನ ಅಂಚಲ್ಲಿ ಒಂದು ಇಂಚು ಹೆಚ್ಚಿಗೆ ಬಿಟ್ಟೆ, ಗಾಜು ಕೂತಮೇಲೆ ಕತ್ತರಿಸಿದ್ದು.

ಗಾಜು ಕೂರಿಸೋದು ಕೇಳ್ದಷ್ಟು ಭಯ ಇಲ್ಲ. ಗಾಜಿಗೆ ಹೊಸ ರಬ್ಬರ್ ಸುತ್ತಿ, ರಬ್ಬರಲ್ಲಿ ತಗಡಿನ ಅಂಚು ಕೂರೋ ಸಂದಿಗೆ ನೈಲಾನ್ ಹಗ್ಗ ಹಾಕಿ, ಎರಡು ತುದೀನೂ ಗಾಡಿ ಒಳಗೆ ಬಿಟ್ಟು, ಸೋಪು ನೀರು ಸವರಿ, ಒಬ್ಬರು ಹೊರಗಿಂದ ಅಂಗೈಯಲ್ಲಿ ಒತ್ತಬೇಕು, ಒಬ್ಬರು ಒಳಗಿಂದ ಹಗ್ಗ ಎಳೀಬೇಕು, ರಬ್ಬರಿನ ತುಟಿ ಅಂಚಿನ ಮೇಲೆ ಹಾರಿ ಕೂರುತ್ತೆ. ಹಿಂದಿನದು ಮೂರನೇ ಸಲಕ್ಕೆ ಬಂತು. ಮುಂದಿನದು ಒಂದೇ ಸಲಕ್ಕೆ, ಹುಡುಗ ಒತ್ತಿದ್ದಕ್ಕೆ ಅಂತ ಅವನ ವಾದ.

ಎಲ್ಲ ಮುಗಿದು ಲೈಟ್ ಹಾಕೋಣ ಅಂತ ನೋಡಿದ್ರೆ ತೂತೇ ಇಲ್ಲ. ಎಡಗಡೆ ಬಾಗಿಲ ಮೇಲೆ ಇರೋ ಲೈಟಿನ ವೈರು ವಿನೈಲ್ ಹಿಂದೆ ಸಿಕ್ಕಿಹಾಕ್ಕೊಂಡಿದೆ, ತುದಿ ಎಳೆದು ಹೊರಗಿಡೋದೇ ಮರೆತಿದ್ದೆ. ಹಳೇ ಲೈನಿಂಗ್ ಹಿಡಿದು ಅಳತೆ ನೋಡಿ, ಬೆರಳಲ್ಲಿ ತಡಕಿ ತಡಕಿ ತಗಡಿನ ಕಿಂಡಿ ಸಿಕ್ತು, ಬ್ಲೇಡಲ್ಲಿ ಅಡ್ಡ ಒಂದು ಉದ್ದ ಒಂದು ಸಣ್ಣ ಗೀರು. ಆ ಹೊತ್ತಲ್ಲಿ ಉಸಿರು ಬಿಟ್ಟಿದ್ದು ನೆನಪಿಲ್ಲ. ಲೈಟು ಹತ್ತಿತು.

ಉಳಿದಿರೋದು ಬಲಗಡೆ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಹಾಕೋ ವಿನೈಲ್ ತುಂಡು, ವೈಸರ್‌ಗಳು, ಹಿಂದಿನ ಗಾಜಿಗೆ ಪೈಪಲ್ಲಿ ನೀರು ಬಿಟ್ಟು ನೋಡೋದು. ಕಂಬದ ತುಂಡು ಬಿಸಿಲು ಬಂದ ದಿನ ಮಾಡ್ತೀನಿ, ಇವತ್ತು ಮೋಡ.