ನಡೆಯುವ ದಾರಿ ಗುರುತಿಸುವಾಗ ಸಿಗ್ನಲ್ ಎಣಿಸಿ

ಮ್ಯಾಪ್‌ನಲ್ಲಿ ನಡೆಯುವ ದಾರಿ ಹುಡುಕಿದರೆ ಸಾಮಾನ್ಯವಾಗಿ ಹತ್ತಿರದ ದಾರಿಯೇ ಮೊದಲು ಬರುತ್ತದೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ಕಿಲೋಮೀಟರಿಗೆ 12 ನಿಮಿಷ. ತಡೆಯಿಲ್ಲದ ರಸ್ತೆಯಲ್ಲಿ ಈ ಲೆಕ್ಕ ಸರಿ. ದಟ್ಟ ನಗರದಲ್ಲಿ ಇದನ್ನು ಕೆಡಿಸುವುದು ಸಿಗ್ನಲ್.

ಸಿಗ್ನಲ್‌ನ ಒಂದು ಸುತ್ತು 120 ಸೆಕೆಂಡ್, ಅದರಲ್ಲಿ ನಡೆಯುವವರಿಗೆ ಹಸಿರು 20 ಸೆಕೆಂಡ್ ಎಂದಿಟ್ಟುಕೊಳ್ಳಿ. ಒಬ್ಬರು ಸರಾಸರಿ 42 ಸೆಕೆಂಡ್ ಕಾಯಬೇಕಾಗುತ್ತದೆ. (ಕೆಂಪಿನ 100ನ್ನು 100ರಿಂದಲೇ ಗುಣಿಸಿ, ಸುತ್ತಿನ ಎರಡರಷ್ಟಾದ 240ರಿಂದ ಭಾಗಿಸಿ.) ಇಂಥ ಹತ್ತು ಸಿಗ್ನಲ್ ಸಿಕ್ಕರೆ ಏಳು ನಿಮಿಷ ಹೋಯಿತು, ಅಷ್ಟರಲ್ಲಿ 580 ಮೀಟರ್ ನಡೆಯಬಹುದಿತ್ತು. ಆದ್ದರಿಂದ ಅರ್ಧ ಕಿಲೋಮೀಟರ್ ಸುತ್ತಾದರೂ ಸಿಗ್ನಲ್ ಇಲ್ಲದ ಒಳರಸ್ತೆಯನ್ನೇ ಹಿಡಿಯಿರಿ. ಹೊಗೆ, ಗದ್ದಲ ಎರಡೂ ಅಲ್ಲಿ ಕಡಿಮೆ.

ಚೌಕಚೌಕವಾದ ಬೀದಿಗಳಿದ್ದರೆ ಇನ್ನೊಂದು ಒಳ್ಳೆಯ ಉಪಾಯವಿದೆ. ಪೂರ್ವಕ್ಕೆ ನಾಲ್ಕು ಬ್ಲಾಕ್, ಉತ್ತರಕ್ಕೆ ಮೂರು ಬ್ಲಾಕ್ ಹೋಗಬೇಕೆನ್ನಿ. ಹೇಗೆ ತಿರುಗಿದರೂ ಒಟ್ಟು ಏಳೇ ಬ್ಲಾಕ್. ಹಾಗಾಗಿ ಪ್ರತಿ ಮೂಲೆಯಲ್ಲೂ ಯಾವ ಕಡೆ ಹಸಿರಿದೆಯೋ ಆ ಕಡೆ ದಾಟುತ್ತ ಹೋಗಿ. ಬಹಳ ಜನ ಮೊದಲು ಪೂರ್ವದ ನಾಲ್ಕನ್ನೂ ಮುಗಿಸಿಬಿಡುತ್ತಾರೆ. ಆಮೇಲೆ ಉಳಿಯುವುದು ಉತ್ತರವೊಂದೇ, ಅಲ್ಲಿ ಕೆಂಪು ಬಿದ್ದರೆ ಕಾಯಲೇಬೇಕು. ಎರಡೂ ದಿಕ್ಕಿನ ಬ್ಲಾಕ್‌ಗಳನ್ನು ಕೊನೆಯವರೆಗೂ ಉಳಿಸಿಕೊಂಡಷ್ಟೂ ಲಾಭ.

14 ಮೀಟರ್ ಅಗಲದ ರಸ್ತೆ ದಾಟಲು ಸೆಕೆಂಡಿಗೆ 1.2 ಮೀಟರ್ ನಡಿಗೆಯಲ್ಲಿ 12 ಸೆಕೆಂಡ್ ಬೇಕು. ಹಿರಿಯರ ಜೊತೆ 0.8 ಮೀಟರ್ ವೇಗದಲ್ಲಿ ಹೋದರೆ 17ಕ್ಕೂ ಹೆಚ್ಚು. ಕೌಂಟ್‌ಡೌನ್ ಅದಕ್ಕಿಂತ ಕೆಳಗಿದ್ದರೆ ಕಾಲಿಡಬೇಡಿ. ಹಸಿರಿದ್ದರೂ ತಿರುಗಿ ಬರುವ ವಾಹನದ ಮುಂದಿನ ಚಕ್ರದ ಮೇಲೆ ಕಣ್ಣಿಡಿ. ಗಾಜಿನ ಹೊಳಪಿನಲ್ಲಿ ಚಾಲಕರ ಮುಖ ಕಾಣದಿರಬಹುದು; ಚಕ್ರ ನಿಂತಿದೆಯೋ ಉರುಳುತ್ತಿದೆಯೋ ಎಂಬುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ಕಾರು ಹೊರಬರುವ ಕಡೆ ಗೋಡೆಗೆ ಅಂಟಿಕೊಂಡು ನಡೆಯಬೇಡಿ. ಕಾರಿನ ಮೂತಿ ಫುಟ್‌ಪಾತಿಗೆ ಬರುವವರೆಗೂ ಒಳಗಿರುವವರಿಗೆ ನೀವು ಕಾಣುವುದಿಲ್ಲ.

ಮೇಲ್ಸೇತುವೆ ಮ್ಯಾಪ್‌ನಲ್ಲಿ ಪುಟ್ಟ ಗೆರೆ. ಆದರೆ 6 ಮೀಟರ್ ಏರಲು 15 ಸೆಂ.ಮೀ. ಎತ್ತರದ 40 ಮೆಟ್ಟಿಲು ಬೇಕು, ಇಳಿಯಲು ಮತ್ತೆ 40. ಸುರಂಗದಾರಿಯಾದರೆ ಮೆಟ್ಟಿಲು ಕಡಿಮೆ, ಏಕೆಂದರೆ ಅಲ್ಲಿ ಬೇಕಿರುವುದು ಮನುಷ್ಯನ ಎತ್ತರಕ್ಕೆ ಸಾಕಾಗುವಷ್ಟು ಜಾಗ, ಲಾರಿಯ ಎತ್ತರವಲ್ಲ.

ಎತ್ತರದ ಕಟ್ಟಡಗಳ ನಡುವೆ ಫೋನಿನ ನೀಲಿ ಚುಕ್ಕೆಯನ್ನು ಪೂರ್ತಿ ನಂಬಬೇಡಿ. ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ತಡವಾಗಿ ಬರುವುದರಿಂದ ಚುಕ್ಕೆ ರಸ್ತೆಯ ಆಚೆ ಬದಿಗೋ ಪಕ್ಕದ ಬೀದಿಗೋ ಜಿಗಿಯುತ್ತದೆ. ಮೆಟ್ರೋ ನಿಲ್ದಾಣದಿಂದ ಮೇಲೆ ಬಂದ ಕೂಡಲೇ ತಪ್ಪು ದಿಕ್ಕಿಗೆ ಹೊರಡುವುದೂ ಹೀಗೆಯೇ. ನಿರ್ಗಮನ ದ್ವಾರದ ಸಂಖ್ಯೆ ಮತ್ತು ಅದರ ಎದುರಿನ ಕಟ್ಟಡದ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಬಿಸಿಲಿದ್ದರೆ, ಉತ್ತರ-ದಕ್ಷಿಣ ಬೀದಿಗಳಲ್ಲಿ ಬೆಳಿಗ್ಗೆ ಪೂರ್ವದ ಫುಟ್‌ಪಾತ್, ಮಧ್ಯಾಹ್ನದ ಮೇಲೆ ಪಶ್ಚಿಮದ್ದು ನೆರಳಲ್ಲಿರುತ್ತದೆ.

ಗುರುತಿಸಿದ ದಾರಿಯನ್ನು ನೀವು ನಿಜವಾಗಿ ಹೋಗುವ ಹೊತ್ತಿನಲ್ಲೇ ಒಮ್ಮೆ ನಡೆದು ನೋಡಿ. ಹಗಲಲ್ಲಿ ಉದ್ಯಾನದ ಒಳಗಿಂದ ಸಲೀಸಾಗಿ ಹೋದ ದಾರಿಗೆ ರಾತ್ರಿ ಗೇಟ್ ಹಾಕಿರಬಹುದು. ಹಾಗಾದಾಗ ಹಿಡಿಯಬೇಕಾದ ಹೊರಗಿನ ರಸ್ತೆಯನ್ನೂ ಅದರ ಜೊತೆಗೇ ಗುರುತು ಹಾಕಿಡಿ.