ಕೊಂಬಿನ ದುಂಬಿಯ ಒಂದು ವರ್ಷ: ಜಪಾನಿನಲ್ಲಿ ಮಗುವಿನ ಮೊದಲ ಸಾಕುಜೀವ

ಟೋಕಿಯೊದ ನಿಶಿಕಸಾಯಿಯಂಥ ಕಡೆ ಬಾಡಿಗೆ ಫ್ಲ್ಯಾಟುಗಳಲ್ಲಿರುವ ನಮ್ಮವರಿಗೆ ನಾಯಿ, ಬೆಕ್ಕು ಸಾಕಲು ಬಹಳ ಸಲ ಮನೆ ಮಾಲೀಕರ ಒಪ್ಪಿಗೆ ಸಿಗುವುದಿಲ್ಲ. ಜುಲೈ ಬಂತೆಂದರೆ ಹೋಮ್ ಸೆಂಟರುಗಳಲ್ಲಿ, ಅಂದರೆ ಮನೆಬಳಕೆಯ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ, ಕಬುತೊಮುಶಿ ಮಾರಾಟಕ್ಕೆ ಬರುತ್ತದೆ. ಗಾಢ ಕಂದು ಮೈಯ ದಪ್ಪ ದುಂಬಿ; ಗಂಡಿನ ತಲೆಯ ಮೇಲೆ ತುದಿ ಕವಲೊಡೆದ ಉದ್ದ ಕೊಂಬು. ಇಲ್ಲಿ ಎಷ್ಟೋ ಮಕ್ಕಳು ಮೊದಲು ಸಾಕುವ ಜೀವ ಇದೇ.

ಊರಿನ ತೆಂಗಿನ ತೋಟದವರು ವಿಡಿಯೊ ಕಾಲಿನಲ್ಲಿ ಇದನ್ನು ಕಂಡರೆ ಬೆಚ್ಚುವುದು ಸಹಜ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯೂ ಇದೂ ಒಂದೇ ಬಳಗದವು. ಮರಿಹುಳವೂ ನಮ್ಮ ತಿಪ್ಪೆಗುಂಡಿಯ ಗೊಣ್ಣೆಹುಳದ ಹಾಗೇ ಬಾಗಿಕೊಂಡು ಮಲಗಿರುತ್ತದೆ. ಆದರೆ ಜಪಾನಿನ ದುಂಬಿ ಕುನುಗಿ ಎಂಬ ಓಕ್ ಜಾತಿಯ ಮರದ ರಸ ನೆಕ್ಕಿ ಬದುಕುತ್ತದೆ.

ಕೊಂಡ ದಿನವೇ ಮಗುವಿಗೆ ಹೇಳಿಬಿಡಬೇಕಾದ ಮಾತೊಂದಿದೆ: ಈ ದುಂಬಿ ಬೇಸಿಗೆ ಮುಗಿಯುವಷ್ಟರಲ್ಲಿ ಸಾಯುತ್ತದೆ. ರೆಕ್ಕೆ ಬಂದ ಮೇಲೆ ಅದರ ಆಯುಸ್ಸು ಒಂದರಿಂದ ಮೂರು ತಿಂಗಳು, ಅಷ್ಟೆ. ನಾವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಅದು ಬದಲಾಗದು. ಈ ಮಾತು ಮೊದಲೇ ಗೊತ್ತಿದ್ದ ಮಗು ಆಗಸ್ಟಿನಲ್ಲಿ ಅಳಬಹುದು, ಆದರೆ ‘ನನ್ನಿಂದಲೇ ಸತ್ತುಹೋಯಿತು’ ಎಂದು ಕೊರಗುವುದಿಲ್ಲ. ದುಂಬಿ ಸತ್ತರೂ ಅದರ ಮರಿಗಳು ಉಳಿಯಲಿ, ಅದಕ್ಕೇ ಒಂದು ಗಂಡು, ಒಂದು ಹೆಣ್ಣು ತನ್ನಿ. ಒಂದೇ ಡಬ್ಬಿಯಲ್ಲಿ ಎರಡು ಗಂಡುಗಳಿದ್ದರೆ ಕೊಂಬಿಗೆ ಕೊಂಬು ಕೊಟ್ಟು ಕಾದಾಡಿ ಗಾಯ ಮಾಡಿಕೊಳ್ಳುತ್ತವೆ.

ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ 10ರಿಂದ 15 ಸೆಂಟಿಮೀಟರ್ ಎತ್ತರಕ್ಕೆ ‘ಹಕ್ಕೊ ಮ್ಯಾಟ್’ ತುಂಬಿ, ಕೆಳಭಾಗವನ್ನು ಕೈಯಿಂದ ಒತ್ತಿ ಗಟ್ಟಿ ಮಾಡಿ. ಇದು ಅಗಲೆಲೆ ಮರಗಳ ಹುಡಿಯನ್ನು ಹುದುಗಿಸಿ ಮಾಡಿದ್ದು. ಪೈನ್, ದೇವದಾರು ಜಾತಿಯ ಮರದ ಹೊಟ್ಟು ಮರಿಗಳಿಗೆ ಆಹಾರವಾಗುವುದಿಲ್ಲ. ತೇವ ಎಷ್ಟಿರಬೇಕೆಂದರೆ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಹೊಸ ಚೀಲ ಒಡೆದಾಗ ಹುಳಿ ವಾಸನೆ ಬಂದರೆ ಅಥವಾ ತೇವ ಮಾಡಿದ ಮೇಲೆ ಮ್ಯಾಟ್ ಬಿಸಿಯಾದರೆ, ಅದು ಮತ್ತೆ ಹುದುಗುತ್ತಿದೆ ಎಂದರ್ಥ. ಹಳೆ ಪೇಪರಿನ ಮೇಲೆ ಹರಡಿ ಕೆಲವು ದಿನ ಗಾಳಿಯಾಡಲು ಬಿಡಿ. ಇಲ್ಲದಿದ್ದರೆ ಆ ಬಿಸಿಗೂ ಅನಿಲಕ್ಕೂ ಮೊಟ್ಟೆ, ಮರಿ ಎರಡೂ ಸಾಯುತ್ತವೆ.

ಮೇಲೆ ಒಂದೆರಡು ಮರದ ಕಡ್ಡಿ, ತೊಗಟೆ ಇರಲೇಬೇಕು. ಬೆನ್ನಡಿಯಾಗಿ ಬಿದ್ದ ದುಂಬಿಗೆ ಕಾಲೂರಲು ಏನೂ ಸಿಗದಿದ್ದರೆ ಒದ್ದಾಡಿ ಒದ್ದಾಡಿಯೇ ಸೋಲುತ್ತದೆ. ಊಟಕ್ಕೆ ಕೀಟಗಳಿಗೆಂದೇ ಮಾರುವ ಜೆಲ್ಲಿ ಕೊಡಿ. ನೂರು ಯೆನ್ ಅಂಗಡಿಗಳಲ್ಲೂ ಸಿಗುತ್ತದೆ. ಕಲ್ಲಂಗಡಿ ಬೇಡ: ಬರೀ ನೀರು, ಡಬ್ಬಿ ಒದ್ದೆಯಾಗಿ ನುಸಿ ಮುತ್ತುತ್ತದೆ. ದುಂಬಿ ಎಚ್ಚರವಾಗುವುದೇ ರಾತ್ರಿ. ಮುಚ್ಚಳಕ್ಕೆ ಬಡಿಯುತ್ತಲೇ ಇರುತ್ತದೆ, ಆದ್ದರಿಂದ ಮಲಗುವ ಕೋಣೆಯಲ್ಲಿಡಬೇಡಿ. ಬಿಸಿಲು ಬೀಳುವ ಬಾಲ್ಕನಿಯೂ ಬೇಡ.

ಎರಡು ವಾರ ಜೊತೆಗಿದ್ದ ಮೇಲೆ ದುಂಬಿಗಳನ್ನು ಬೇರೆ ಡಬ್ಬಿಗೆ ಹಾಕಿ. ಹೆಣ್ಣು ಮತ್ತೆ ಮತ್ತೆ ಅಗೆದರೆ ತಾನಿಟ್ಟ ಮೊಟ್ಟೆಗಳನ್ನೇ ಹಾಳು ಮಾಡುತ್ತದೆ. ಹಳೆ ಡಬ್ಬಿ ಬರಿದಾದಂತೆ ಕಂಡರೂ ಚೆಲ್ಲಬೇಡಿ. ಎಷ್ಟೋ ಮನೆಗಳಲ್ಲಿ ದುಂಬಿ ಸತ್ತೊಡನೆ ಮ್ಯಾಟನ್ನೂ ಕಸಕ್ಕೆ ಹಾಕುತ್ತಾರೆ, ಅದರೊಳಗೆ ಇಪ್ಪತ್ತು ಮೂವತ್ತು ಮೊಟ್ಟೆ ಇರುತ್ತವೆ.

ಸಾವು ಹತ್ತಿರವಾದಾಗ ಗುರುತುಗಳು ಕಾಣುತ್ತವೆ. ಜೆಲ್ಲಿ ಖಾಲಿಯಾಗದು, ಕಾಲಿನ ತುದಿಗಳು ಉದುರುತ್ತವೆ, ಕಡ್ಡಿ ಹಿಡಿದು ನಿಲ್ಲಲಾಗದು. ಇದು ವಯಸ್ಸು, ಕಾಯಿಲೆಯಲ್ಲ ಎಂದು ಮಗುವಿಗೆ ತೋರಿಸಿಯೇ ಹೇಳಿ. ಸತ್ತಾಗ ‘ಮಲಗಿದೆ’ ಅನ್ನಬೇಡಿ. ಚಿಕ್ಕ ಮಕ್ಕಳು ಆ ಮಾತನ್ನು ಹಾಗೇ ನಂಬಿ ತಾವು ಮಲಗಲು ಹೆದರುತ್ತಾರೆ. ಮಗು ಶಾಲೆಯಿಂದ ಬರುವುದರೊಳಗೆ ಹೊಸ ದುಂಬಿ ತಂದಿಡುವುದಂತೂ ಬೇಡವೇ ಬೇಡ. ‘ಸತ್ತಿತು, ಇನ್ನು ಏಳುವುದಿಲ್ಲ’ ಎಂದು ಹೇಳಿ, ಮುಟ್ಟಿ ನೋಡಲು ಬಿಡಿ. ಮನೆಯ ಹೂಕುಂಡದ ಮಣ್ಣಿನಲ್ಲಿ ಹೂಳಬಹುದು.

ಮೊಟ್ಟೆ ಒಡೆಯಲು ಎರಡು ವಾರ ಸಾಕು. ಸೆಪ್ಟೆಂಬರಿನಲ್ಲಿ ಮ್ಯಾಟನ್ನು ಪೇಪರಿನ ಮೇಲೆ ಸುರಿದು ಮಗುವಿನಿಂದಲೇ ಮರಿ ಎಣಿಸಿ, ಬರಿಗೈ ತಾಗಿಸದೆ ಚಮಚದಲ್ಲಿ ಎತ್ತಿ. ಮರಿಯೊಂದಕ್ಕೆ ಎರಡು ಮೂರು ಲೀಟರ್ ಮ್ಯಾಟ್ ಬೇಕು. ಹಾಗಾಗಿ ನಾಲ್ಕೈದು ಇಟ್ಟುಕೊಂಡು ಉಳಿದವನ್ನು ನೆರೆಮನೆಗೋ ಶಿಶುವಿಹಾರಕ್ಕೋ ಕೇಳಿ ಕೊಡಿ. ಪಾರ್ಕಿನಲ್ಲಿ ಬಿಡುವುದು ತಪ್ಪು. ಬಿಟ್ಟ ದುಂಬಿ ತನ್ನದಲ್ಲದ ಕಡೆಯೂ ನೆಲೆಯೂರಬಹುದು: ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಇದು ಮೂಲದಲ್ಲಿ ಇರಲೇ ಇಲ್ಲ, ಮನುಷ್ಯರಿಂದಲೇ ಅಲ್ಲಿಗೆ ಹೋಗಿ ನೆಲೆಸಿತು. ಮ್ಯಾಟಿನ ಮೇಲ್ಭಾಗದಲ್ಲಿ ಮರಿಗಳ ಹಿಕ್ಕೆಯ ಗುಳಿಗೆಗಳು ತುಂಬಿದಾಗ ಜರಡಿ ಹಿಡಿದು ಹೊಸ ಮ್ಯಾಟ್ ಸೇರಿಸಿ. ಹಿಕ್ಕೆ ಗಿಡಗಳಿಗೆ ಒಳ್ಳೆ ಗೊಬ್ಬರ. ಮರಿಗಳು ಮೇಲೆಯೇ ಬಿದ್ದುಕೊಂಡಿದ್ದರೆ ಒಳಗೆ ಉಸಿರುಕಟ್ಟಿದೆ, ಮ್ಯಾಟ್ ಬದಲಿಸಿ. ಚಳಿಗಾಲದಲ್ಲಿ ಹೀಟರಿಲ್ಲದ ಜಾಗದಲ್ಲಿಟ್ಟು, ಒಣಗದಂತೆ ಆಗಾಗ ನೀರು ಚಿಮುಕಿಸಿದರೆ ಸಾಕು.

ನಮ್ಮವರಿಗೆ ತೊಡಕಾಗುವುದು ಬೇಸಿಗೆ ರಜೆ. ಜುಲೈ ಕೊನೆಯಿಂದ ಆಗಸ್ಟ್ ಕೊನೆವರೆಗೆ ಬೆಂಗಳೂರಿಗೋ ಊರಿಗೋ ಹೊರಟರೆ, ಮುಚ್ಚಿದ ಫ್ಲ್ಯಾಟಿನ ಸೆಕೆಯಲ್ಲಿ ದುಂಬಿ ಉಳಿಯುವುದಿಲ್ಲ. ದುಂಬಿ, ಮೊಟ್ಟೆ ಎರಡೂ ಡಬ್ಬಿಗಳನ್ನು ಜೆಲ್ಲಿಯ ಪೊಟ್ಟಣದ ಜೊತೆ ನೆರೆಯವರಿಗೆ ಒಪ್ಪಿಸಿ. ನಾವಿಲ್ಲದಾಗಲೂ ಅದು ಸಾಯಬಹುದು ಎಂದು ಮಗುವಿಗೂ ನೆರೆಯವರಿಗೂ ಮೊದಲೇ ತಿಳಿಸಿ. ಸೂಟ್‌ಕೇಸಿನಲ್ಲಿ ಊರಿಗೆ ತರುವ ಯೋಚನೆ ಮಾತ್ರ ಬೇಡ.

ಮಾರ್ಚ್ ಕೊನೆಗೆ ಕೊನೆಯ ಸಲ ಮ್ಯಾಟ್ ಬದಲಿಸಿ, 15 ಸೆಂಟಿಮೀಟರಿಗಿಂತ ಆಳ ತುಂಬಿ, ಆಮೇಲೆ ಡಬ್ಬಿ ಅಲುಗಿಸಬೇಡಿ. ಹುಳ ನೆಟ್ಟಗೆ ನಿಂತ ಗೂಡು ಕಟ್ಟಿ ಅದರೊಳಗೆ ಕೋಶವಾಗುತ್ತದೆ. ಗೂಡು ಕುಸಿದರೆ ರೆಕ್ಕೆ ಸೊಟ್ಟಗಾಗುತ್ತದೆ. ಅಕಸ್ಮಾತ್ ಒಡೆದರೆ, ಟಾಯ್ಲೆಟ್ ಪೇಪರ್ ಸುತ್ತಿದ್ದ ರಟ್ಟಿನ ಕೊಳವೆಯನ್ನು ತೇವದ ಮ್ಯಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಕೋಶದ ತಲೆ ಮೇಲಾಗುವಂತೆ ಮೆಲ್ಲಗೆ ಇಳಿಸಿ. ಸುಮಾರು ಮೂರು ವಾರದಲ್ಲಿ ದುಂಬಿಯಾಗುತ್ತದೆ. ಆದರೂ ಮೈ ಗಟ್ಟಿಯಾಗುವವರೆಗೆ ಒಂದೆರಡು ವಾರ ಒಳಗೇ ಇರುತ್ತದೆ, ಏನೂ ತಿನ್ನುವುದಿಲ್ಲ. ಮಗು ಎಷ್ಟೇ ಕಾಡಿದರೂ ಅಗೆಯಬೇಡಿ. ಅದು ತಾನಾಗಿ ಮೇಲೆ ಬಂದ ರಾತ್ರಿ ಮೊದಲ ಜೆಲ್ಲಿ ಇಡಿ.