ಹೊಳೆಯ ಪ್ರತಿಬಿಂಬ ರಾಡಿಯಾಗುವುದೇಕೆ?

ಜಲವರ್ಣ ಕಲಿಯುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: ಆಕಾಶ, ದಡ, ಬಂಡೆ ಚೆನ್ನಾಗಿಯೇ ಬರುತ್ತವೆ, ನೀರಲ್ಲಿ ಪ್ರತಿಬಿಂಬ ಹಾಕಿದ ಕೂಡಲೇ ಎಲ್ಲ ರಾಡಿಯಾಗುತ್ತದೆ, ಯಾಕೆ? ಕಾರಣ ಎರಡು: ತಟ್ಟೆಯಲ್ಲಿ ಬಣ್ಣ ಹೆಚ್ಚು, ಕೈಯಲ್ಲಿ ತಾಳ್ಮೆ ಕಡಿಮೆ.

ಹಂಪಿಯ ತುಂಗಭದ್ರೆಯನ್ನೇ ತೆಗೆದುಕೊಳ್ಳಿ. ಬೆಳಗಿನ ಹೊತ್ತು, ಗಾಳಿಯಿಲ್ಲ, ದುಂಡು ಬಂಡೆಗಳು, ದಡದಲ್ಲಿ ಕವುಚಿಟ್ಟ ಹರಿಗೋಲು. ಇದಕ್ಕೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಈ ಮೂರೇ ಸಾಕು. ಮೊದಲೆರಡು ಬೆರೆಸಿದರೆ ಬೂದು. ನೀಲಿ ಮುಂದಾದರೆ ದೂರದ ಗುಡ್ಡಕ್ಕೆ ಒಪ್ಪುವ ತಣ್ಣನೆಯ ಬೂದು, ಸಿಯೆನ್ನಾ ಮುಂದಾದರೆ ಬಂಡೆಯ ಬೆಚ್ಚನೆಯ ಬೂದು. ನೀಲಿಗೆ ಓಕರ್ ಸೇರಿಸಿದರೆ ಗಿಡಗಂಟಿಯ ಮಂಕು ಹಸಿರು. ಟ್ಯೂಬಿನ ಕಪ್ಪು ಬೇಡವೇ ಬೇಡ. ಅದು ಬಿದ್ದಲ್ಲಿ ನೀರು ಸತ್ತಂತೆ ಕಾಣುತ್ತದೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯದು) ಇರಲಿ. ತೆಳುವಾದದ್ದು ಉಬ್ಬಿ, ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ. ನೀರಿನ ಜಾಗವನ್ನಷ್ಟೇ ಒದ್ದೆ ಮಾಡಿ, ಆಕಾಶದ ತಿಳಿ ಬಣ್ಣ ಹಾಯಿಸಿ, ಕಾಯಿರಿ. ಕಾಗದವನ್ನು ಓರೆಯಾಗಿ ನೋಡಿ: ನಿಂತ ನೀರು ಹೀರಿಹೋಗಿ ಮೇಲೆ ಬರೀ ಹೊಳಪು ಉಳಿದಿರಬೇಕು. ಆಗ ಕುಂಚವನ್ನು ಬಟ್ಟೆಗೊತ್ತಿ, ಗಟ್ಟಿ ಬಣ್ಣದಲ್ಲಿ ಬಂಡೆಯ ಬುಡದಿಂದ ನೇರ ಕೆಳಕ್ಕೆ ಎಳೆಯಿರಿ. ಅಂಚು ತಾನೇ ಹದವಾಗಿ ಹರಡುತ್ತದೆ. ಹೊಳಪು ಆರಿತೋ, ಕೈ ತೆಗೆದುಬಿಡಿ. ಅರೆ ಒಣಗಿದ ಬಣ್ಣಕ್ಕೆ ನೀರು ತುಂಬಿದ ಕುಂಚ ತಾಗಿದರೆ, ಆ ನೀರು ಬಣ್ಣವನ್ನು ಪಕ್ಕಕ್ಕೆ ತಳ್ಳಿ ಹೂಕೋಸಿನಂಥ ಕಲೆ ಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ಒದ್ದೆ ಮಾಡಿ ತಿದ್ದಬಹುದು.

ನೆರಳು ಸೂರ್ಯನನ್ನು ನೋಡಿ ಬೀಳುತ್ತದೆ, ಪ್ರತಿಬಿಂಬ ಯಾವಾಗಲೂ ವಸ್ತುವಿನ ನೇರ ಕೆಳಗೆ. ತಲೆಕೆಳಗಾದ ನಕಲೂ ಅಲ್ಲ: ನೀರಿನ ಮಟ್ಟದಿಂದ ಕತ್ತೆತ್ತಿ ನೋಡಿದಂತೆ ಬಂಡೆಯ ಹೊಟ್ಟೆ ಹೆಚ್ಚು ಕಾಣುತ್ತದೆ, ನೆತ್ತಿ ಮರೆಯಾಗುತ್ತದೆ, ಹಿಂದಿನ ಗುಡ್ಡ ಕುಗ್ಗುತ್ತದೆ. ಬಿಸಿಲು ಬಿದ್ದ ಕಲ್ಲು ನೀರಲ್ಲಿ ಒಂದು ಛಾಯೆ ಗಾಢ, ಕಪ್ಪು ಸಂದು ಒಂದು ಛಾಯೆ ತಿಳಿ. ಬಹಳಷ್ಟು ಚಿತ್ರಗಳು ಎಡವುವುದು ಇಲ್ಲೇ. ಕಾಲಬುಡದ ನೀರಿಗೆ ಪ್ರತಿಬಿಂಬ ಸಣ್ಣಗೆ ಸಾಕು. ಅಲ್ಲಿ ತಳದ ಮರಳು ಕಾಣುವುದರಿಂದ ಓಕರ್ ಇಣುಕಲಿ.

ಕೊನೆಗೆ, ಎಲ್ಲ ಒಣಗಿದ ಮೇಲೆ, ಅರ್ಧ ಇಂಚಿನ ಚಪ್ಪಟೆ ಕುಂಚವನ್ನು ತುಸು ಒದ್ದೆ ಮಾಡಿ, ಬಂಡೆಯ ಪ್ರತಿಬಿಂಬವನ್ನು ಅಡ್ಡಕ್ಕೆ ಸೀಳುವಂತೆ ಒಂದೇ ಗೆರೆ ಎಳೆದು ಟಿಶ್ಯೂ ಒತ್ತಿ. ಬಣ್ಣ ಎದ್ದುಬಂದ ಆ ಬಿಳಿಚು ಗೆರೆಯೇ ನೀರಿನ ಮೈ.